ಕಚೇರಿ ಮುಖ್ಯಸ್ಥರಾದಿರಾ? ಮೊದಲು ಬೀರು ತೆಗೆಸಿ, ಎಸ್.ಆರ್. ನೋಡಿ

ಮೂರು ತಿಂಗಳಲ್ಲಿ ನಿವೃತ್ತಿಯಾಗಬೇಕಿದ್ದ ಗ್ರೂಪ್ ಡಿ ನೌಕರರೊಬ್ಬರು ದಿನಾ ಬೆಳಗ್ಗೆ ನನ್ನ ಟೇಬಲ್ ಹತ್ತಿರ ಬಂದು ನಿಲ್ಲುತ್ತಿದ್ದರು. "ಸಾರ್, ನನ್ ಪುಸ್ತಕ ಹೋಯ್ತಾ?" ಎಂದು ಕೇಳುತ್ತಿದ್ದರು. ಪುಸ್ತಕ ಅಂದರೆ ಅವರ ಸೇವಾ ಪುಸ್ತಕ, ನಾವೆಲ್ಲ ಎಸ್.ಆರ್. ಅನ್ನುವುದು. ಅದು ಹೋಗಿರಲಿಲ್ಲ. ಹೋಗುವ ಸ್ಥಿತಿಯಲ್ಲೂ ಇರಲಿಲ್ಲ. ದಾರ ಕಿತ್ತು ಬಂದಿತ್ತು, ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ನಡುವಿನ ಐದು ವರ್ಷಕ್ಕೆ ಸೇವಾ ದೃಢೀಕರಣದ ಸಹಿಯೇ, ಅಂದರೆ ಆ ವರ್ಷ ಇವರು ಕೆಲಸ ಮಾಡಿದ್ದು ನಿಜ ಎಂದು ಅಧಿಕಾರಿ ಹಾಕುವ ಸಹಿಯೇ, ಇರಲಿಲ್ಲ. ಆ ಐದು ವರ್ಷ ಅವರು ಒಂದು ದಿನವೂ ತಪ್ಪಿಸದೆ ಬಂದು ಕಚೇರಿ ಬಾಗಿಲು ತೆಗೆದವರು. ಪುಸ್ತಕ ಮಾತ್ರ ಆ ಮಾತು ಹೇಳುತ್ತಿರಲಿಲ್ಲ. ಹಳೇ ವೇತನ ಬಿಲ್ಲು ಹುಡುಕುತ್ತಾ ನಾವಿಬ್ಬರು ದೂಳಿನಲ್ಲಿ ವಾರಗಟ್ಟಲೆ ಕೂತೆವು. ಪಿಂಚಣಿ ಶುರುವಾಗುವಷ್ಟರಲ್ಲಿ ಅವರು ಮನೆಗೆ ಹೋಗಿ ಏಳು ತಿಂಗಳಾಗಿತ್ತು.

ಸಹಿ ಹಾಕಬೇಕಿದ್ದ ಅಧಿಕಾರಿ ಕೆಟ್ಟವರೇನಲ್ಲ. ಸುಮ್ನೆ "ಆಮೇಲೆ ನೋಡೋಣ" ಅಂದಿದ್ದರು, ಅಷ್ಟೆ.

ಖಾಸಗಿ ಕಂಪನಿಯಲ್ಲಿ ಮಾನವ ಸಂಪನ್ಮೂಲ ಅಂದರೆ ಯಾರನ್ನು ತೆಗೆದುಕೊಳ್ಳಬೇಕು, ಎಷ್ಟು ಸಂಬಳ ಕೊಡಬೇಕು, ಯಾರನ್ನು ಕಳಿಸಬೇಕು ಅನ್ನುವುದು. ಸರ್ಕಾರಿ ಕಚೇರಿಯ ಮುಖ್ಯಸ್ಥರ ಕೈಯಲ್ಲಿ ಈ ಮೂರೂ ಇಲ್ಲ. ಆಯ್ಕೆ ಮಾಡುವುದು ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಅಥವಾ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಸಂಬಳ ತೀರ್ಮಾನಿಸುವುದು ವೇತನ ಆಯೋಗ ಮತ್ತು ಸರ್ಕಾರ. ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆಯಲು ಸಂವಿಧಾನದ 311ನೇ ವಿಧಿ ಅಡ್ಡ ನಿಂತಿದೆ. ಹಾಗಾದರೆ ಉಳಿಯುವುದೇನು? ಒಬ್ಬ ನೌಕರನಿಗೆ ಆಗಬೇಕಾದ ಕಾಗದ ಆಗಬೇಕಾದ ದಿನಕ್ಕೆ ಆಗುವಂತೆ ನೋಡಿಕೊಳ್ಳುವುದು. ನನ್ನ ಅನುಭವದಲ್ಲಿ ಸಿಬ್ಬಂದಿ ನಿರ್ವಹಣೆಯ ಮುಕ್ಕಾಲು ಪಾಲು ಇದೇ. ಮೇಲಿನವರು ನಮ್ಮನ್ನು ಮನುಷ್ಯರಂತೆ ಕಂಡರೋ ಇಲ್ಲವೋ ಎಂದು ನೌಕರ ಅಳೆಯುವುದೂ ಇದರಲ್ಲೇ.

ಕರ್ನಾಟಕ ಸರ್ಕಾರದ ತಾಲ್ಲೂಕು, ಜಿಲ್ಲಾ ಮಟ್ಟದ ಕಚೇರಿಗೆ ಹೊಸದಾಗಿ ಮುಖ್ಯಸ್ಥರಾಗಿ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸಿಬ್ಬಂದಿ ಶಾಖೆಯಲ್ಲಿ ಕೂರುವ ಎಫ್‌ಡಿಎ, ಎಸ್‌ಡಿಎಗಳಿಗೂ (ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರಿಗೂ) ಇದು ಉಪಯೋಗಕ್ಕೆ ಬರುತ್ತದೆ.

ಮೊದಲ ವಾರ: ಎಣಿಸಿ, ತೆಗೆಸಿ, ಓದಿ

ಒಂದು ಹಾಳೆ ತೆಗೆದುಕೊಳ್ಳಿ. ಮಂಜೂರಾದ ಹುದ್ದೆ, ಭರ್ತಿಯಾದದ್ದು, ಖಾಲಿ ಇರುವುದು ಎಂದು ಮೂರು ಕಾಲಂ ಹಾಕಿ. ನಾಲ್ಕನೆಯದು ನಿಯೋಜನೆ ಮೇಲೆ ಬೇರೆ ಕಡೆ ಹೋದವರಿಗೆ. ಸಂಬಳ ನಿಮ್ಮ ಕಚೇರಿಯಲ್ಲಿ, ಕೆಲಸ ಇನ್ನೊಂದು ಕಡೆ ಅನ್ನುವವರು ಈ ಕಾಲಂನಲ್ಲಿ ಸಿಗುತ್ತಾರೆ. ಐದನೆಯದು ಹೊರಗುತ್ತಿಗೆಯವರಿಗೆ. ರಾಜ್ಯದಲ್ಲಿ ಮಂಜೂರಾದ ಸುಮಾರು 7.7 ಲಕ್ಷ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಖಾಲಿ ಇವೆ. ನಿಮ್ಮ ಕಚೇರಿಯ ಲೆಕ್ಕವೂ ಅದಕ್ಕಿಂತ ತುಂಬಾ ಬೇರೆ ಇರಲಾರದು.

ಆಮೇಲೆ ಬೀರು ತೆಗೆಸಿ. ಎಲ್ಲರ ಎಸ್.ಆರ್. ಟೇಬಲ್ ಮೇಲೆ ಬರಲಿ. ಇಪ್ಪತ್ತು ಜನರ ಕಚೇರಿಯಾದರೆ ಎರಡು ಮಧ್ಯಾಹ್ನ ಸಾಕು. ಯಾರ ಪುಸ್ತಕ ಹಿಂದಿನ ಕಚೇರಿಯಿಂದ ಬಂದೇ ಇಲ್ಲ ಅನ್ನುವುದು ಆಗಲೇ ಗೊತ್ತಾಗುತ್ತದೆ. ಹಾಗಿದ್ದರೆ ಅಂದೇ ಪತ್ರ ಬರೆಸಿ. ಉತ್ತರ ಬಾರದಿದ್ದರೆ ಸಿಬ್ಬಂದಿ ಶಾಖೆಯ ಒಬ್ಬರನ್ನು ಅನ್ಯ ಕಾರ್ಯ ನಿಮಿತ್ತ (ಕರ್ತವ್ಯದ ಮೇಲೆಯೇ) ಕಳಿಸಿ ತರಿಸಿಕೊಳ್ಳಿ. ಅಂಚೆಗೆ ಕಾಯುವುದಕ್ಕಿಂತ ಇದು ಬೇಗ ಆಗುತ್ತದೆ.

ಒಂದೊಂದು ಪುಸ್ತಕದಲ್ಲೂ ಇಷ್ಟನ್ನು ನೋಡಿ. ಮೊದಲ ಪುಟದ ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಇದೆಯಾ, ತಿದ್ದಿದ ಗುರುತು ಇದೆಯಾ? ಕರ್ನಾಟಕದಲ್ಲಿ 1974ರ ವಯಸ್ಸು ನಿರ್ಧಾರ ಕಾಯ್ದೆಯ ಪ್ರಕಾರ, ಹುಟ್ಟಿದ ದಿನಾಂಕ ಬದಲಿಸಬೇಕಾದರೆ ಸೇವೆಗೆ ಸೇರಿದ ಮೂರು ವರ್ಷದೊಳಗೆ ಅರ್ಜಿ ಕೊಡಬೇಕು. ಹೊಸದಾಗಿ ಸೇರಿದವರಿಗೆ ಇದನ್ನು ಮೊದಲೇ ಹೇಳಿ. ಸೇವಾ ದೃಢೀಕರಣ ಪ್ರತಿ ವರ್ಷವೂ ವೇತನ ಬಿಲ್ಲಿನ ಜೊತೆ ತಾಳೆಯಾಗಿ ಸಹಿಯಾಗಿದೆಯಾ? ರಜೆ ಲೆಕ್ಕ ಇಂದಿನವರೆಗೆ ಏರಿದೆಯಾ? ನಾಮನಿರ್ದೇಶನ ಯಾರ ಹೆಸರಿಗಿದೆ? ಈ ಕೊನೆಯದನ್ನು ಹಗುರಾಗಿ ಬಿಡಬೇಡಿ. ಮದುವೆಗೆ ಮೊದಲು ಅಮ್ಮನ ಹೆಸರು ಬರೆದವರು ಇಪ್ಪತ್ತು ವರ್ಷವಾದರೂ ಹಾಗೇ ಬಿಟ್ಟಿರುತ್ತಾರೆ. ಅವರಿಗೇನಾದರೂ ಆದರೆ ಅತ್ತೆ ಸೊಸೆ ಇಬ್ಬರೂ ನಿಮ್ಮ ಮುಂದೆ ಕೂತು ಅಳುವಂತಾಗುತ್ತದೆ.

ಪುಸ್ತಕ ಸರಿಯಿದೆ ಎಂದು ಅಂದುಕೊಂಡ ಮೇಲೆ ಒಬ್ಬೊಬ್ಬರನ್ನೇ ಕರೆದು ಅವರ ಪುಸ್ತಕ ಅವರಿಗೇ ತೋರಿಸಿ. ನೌಕರ ವರ್ಷಕ್ಕೊಮ್ಮೆ ನೋಡಿ ಸಹಿ ಮಾಡುವುದು ಹೇಗೂ ಇದ್ದದ್ದೇ. ಆದರೆ ಎಷ್ಟೋ ಕಡೆ ಎಸ್.ಆರ್. ಅನ್ನುವುದು ಬೀರಿನೊಳಗಿನ ಗುಟ್ಟು. ಮೂವತ್ತು ವರ್ಷ ಸೇವೆ ಮಾಡಿದವರೊಬ್ಬರು ತಮ್ಮ ಪುಸ್ತಕದ ಮೊದಲ ಪುಟದ ಫೋಟೋ ನೋಡಿ, ಅದನ್ನು ಬೆರಳಿಂದ ಮುಟ್ಟಿ, "ಇದು ನಾನೇನಾ" ಎಂದದ್ದು ನನಗೆ ಇನ್ನೂ ನೆನಪಿದೆ.

ನೌಕರರ ಸಂಬಳ, ಸೇವಾ ವಿವರ ಇಡುವ ಸರ್ಕಾರದ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ ಎಲ್ಲ ಇದೆಯಲ್ಲ ಅನ್ನಬಹುದು. ಇದೆ, ಆದರೆ ತಂತ್ರಾಂಶದಲ್ಲಿ ತಪ್ಪು ಸೇರಿಸಿದ್ದರೆ ತಿಂಗಳು ತಿಂಗಳೂ ಅದೇ ತಪ್ಪು ಬರುತ್ತದೆ. ಪುಸ್ತಕವನ್ನೂ ಪರದೆಯನ್ನೂ ಪಕ್ಕದಲ್ಲಿಟ್ಟುಕೊಂಡು ಮೂಲವೇತನ, ಸೇರಿದ ದಿನ, ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ಸಂಖ್ಯೆ ಮೂರನ್ನಾದರೂ ಒಮ್ಮೆ ತಾಳೆ ನೋಡಿ.

ಎರಡನೆಯದು: ಗೋಡೆಗೊಂದು ದಿನಾಂಕ ಪಟ್ಟಿ

ಸರ್ಕಾರಿ ಸೇವೆಯಲ್ಲಿ ಬಹಳಷ್ಟು ವಿಷಯಗಳು ಯಾರೂ ಕೇಳದೆಯೇ ಬರಬೇಕು. ಆದರೆ ಕೇಳುವವರೆಗೆ ಬರುವುದಿಲ್ಲ. ಅದಕ್ಕೆ ಪ್ರತಿ ನೌಕರನ ಹೆಸರಿನ ಮುಂದೆ ಮುಂದಿನ ಎರಡು ವರ್ಷದ ದಿನಾಂಕಗಳನ್ನು ಬರೆದು ಸಿಬ್ಬಂದಿ ಶಾಖೆಯ ಗೋಡೆಗೆ ಹಚ್ಚಿ.

ಏನೇನು ಬರೆಯಬೇಕು? ಹೊಸಬರಿಗೆ ಪ್ರೊಬೇಷನರಿ (ಪರೀಕ್ಷಾರ್ಥ) ಅವಧಿ ಮುಗಿಯುವ ದಿನ. ಸಾಮಾನ್ಯವಾಗಿ ಅದು ಎರಡು ವರ್ಷ. ಅಷ್ಟರೊಳಗೆ ಇಲಾಖಾ ಪರೀಕ್ಷೆ, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು. ಎಷ್ಟೋ ಮಕ್ಕಳಿಗೆ, ಹೌದು, ಇಪ್ಪತ್ತಮೂರು ವಯಸ್ಸಿನವರು ನಮಗೆ ಮಕ್ಕಳೇ, ಯಾವ ಪತ್ರಿಕೆ ಕಟ್ಟಬೇಕು ಎಂದು ಹೇಳುವವರೇ ಇರುವುದಿಲ್ಲ. ಕೆಪಿಎಸ್‌ಸಿ ಅಧಿಸೂಚನೆ ಬಂದ ದಿನ ಕರೆದು ಅರ್ಜಿ ಹಾಕಿಸಿ. ಓದಲು ನಾಲ್ಕು ದಿನ ರಜೆ ಕೇಳಿದರೆ ಕೊಡಿ. ಪ್ರೊಬೇಷನ್ ಘೋಷಣೆ ತಡವಾದರೆ ಮುಂದಿನದೆಲ್ಲಾ ತಡವಾಗುತ್ತದೆ.

ಹಳಬರಿಗೆ ವಾರ್ಷಿಕ ವೇತನ ಬಡ್ತಿ ಇದ್ದೇ ಇದೆ. ಅದರ ಜೊತೆಗೆ ಮುಂಬಡ್ತಿ ಸಿಗದೆ ಒಂದೇ ಹುದ್ದೆಯಲ್ಲಿ ಉಳಿದವರಿಗೆ 10 ವರ್ಷಕ್ಕೆ ಕಾಲಬದ್ಧ ವೇತನ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ. 20, 25, 30 ವರ್ಷಕ್ಕೆ ಹೆಚ್ಚುವರಿ ವೇತನ ಬಡ್ತಿ. ಇವನ್ನು ಮೂರು ತಿಂಗಳು ಮೊದಲೇ ಕಡತಕ್ಕೆ ಹತ್ತಿಸಿ. ಬಾಕಿ ಸಹಿತ ಆಮೇಲೆ ಬರುತ್ತದಲ್ಲ ಎಂದು ಸಮಾಧಾನ ಹೇಳುವುದು ಸರಿಯಲ್ಲ. ಮಗಳ ಕಾಲೇಜು ಫೀಸು ಕಟ್ಟುವ ಜೂನ್ ತಿಂಗಳಲ್ಲಿ ಬರಬೇಕಾದ ದುಡ್ಡು ಮುಂದಿನ ಜನವರಿಯಲ್ಲಿ ಬಂದರೆ ಆ ಮನೆಗೆ ಅದು ಒಂದೇ ಅಲ್ಲ.

ರಜೆಯದ್ದು ಸುಲಭ. ಜನವರಿ 1 ಮತ್ತು ಜುಲೈ 1ಕ್ಕೆ ತಲಾ 15 ದಿನ ಗಳಿಕೆ ರಜೆ, ತಲಾ 10 ದಿನ ಅರ್ಧ ವೇತನ ರಜೆ ಜಮೆ ಮಾಡಿಸಿ. ಗಳಿಕೆ ರಜೆಯ ಮಿತಿ 300 ದಿನ. ಈ ಎರಡು ದಿನಾಂಕಗಳಂದು ಎಲ್ಲರ ಖಾತೆ ಏರಿಸಿಬಿಟ್ಟರೆ ವರ್ಷಪೂರ್ತಿ ತಲೆನೋವಿಲ್ಲ.

ಕೆಲಸ ಹಂಚುವುದು

ಹತ್ತು ಹುದ್ದೆಗೆ ಆರು ಜನ ಇದ್ದಾಗ ಏನಾಗುತ್ತದೆ ಗೊತ್ತಲ್ವಾ? ಕೆಲಸ ಮಾಡುವವರಿಗೇ ಕೆಲಸ ಬೀಳುತ್ತಾ ಹೋಗುತ್ತದೆ. ಸಾಹೇಬರಿಗೆ ಅರ್ಜೆಂಟ್ ಇದ್ದಾಗ ನೆನಪಾಗುವುದು ಅದೇ ಒಬ್ಬರು ಎಸ್‌ಡಿಎ. ವಿಧಾನಸಭೆ ಪ್ರಶ್ನೆಗೆ ಉತ್ತರ ಅವರೇ, ಮಾಹಿತಿ ಹಕ್ಕು ಅರ್ಜಿ ಅವರೇ, ಸಂಬಳದ ಬಿಲ್ಲೂ ಅವರೇ. ಪಕ್ಕದ ಕುರ್ಚಿಯವರು ಐದೂವರೆಗೆ ಬ್ಯಾಗು ಹಿಡಿದು ಹೊರಡುತ್ತಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಒಳ್ಳೆಯ ಕೆಲಸಗಾರರು ಸುಸ್ತಾಗಿ ವರ್ಗಾವಣೆ ಕೇಳುತ್ತಾರೆ. ಅವರ ಜೊತೆ ಕಚೇರಿಯ ನೆನಪೆಲ್ಲ ಹೋಗುತ್ತದೆ. ಸೋಮಾರಿತನಕ್ಕಿಂತ ಇದರಿಂದಲೇ ಕಚೇರಿಗಳು ಜಾಸ್ತಿ ಹಾಳಾಗಿರುವುದನ್ನು ನಾನು ಕಂಡಿದ್ದೇನೆ.

ಇದನ್ನು ತಡೆಯಲು ಕೆಲಸ ಹಂಚಿಕೆಯನ್ನು ಲಿಖಿತ ಆದೇಶವಾಗಿ ಹೊರಡಿಸಿ. ಯಾವ ವಿಷಯ ಯಾರದು, ಅವರು ರಜೆ ಹಾಕಿದರೆ ಯಾರು ನೋಡಬೇಕು ಎಂದು ಎರಡನ್ನೂ ಬರೆಯಿರಿ. ಬರೆಯುವ ಮೊದಲು ಎಲ್ಲರನ್ನೂ ಕೂರಿಸಿ ಕೇಳಿ. ಕಡತದ ಎಣಿಕೆಯಿಂದ ಹೊರೆ ಗೊತ್ತಾಗುವುದಿಲ್ಲ. ಒಂದು ನ್ಯಾಯಾಲಯದ ಕಡತ ನಲವತ್ತು ಸಾಮಾನ್ಯ ಕಡತಕ್ಕೆ ಸಮ. ಖಾಲಿ ಹುದ್ದೆಯ ಪ್ರಭಾರ ಕೊಟ್ಟರೆ ಆದೇಶ ಮಾಡಿಯೇ ಕೊಡಿ, ಬಾಯಿ ಮಾತಲ್ಲಿ ಬೇಡ. ಆದೇಶವಿಲ್ಲದಿದ್ದರೆ ಅವರಿಗೆ ಪ್ರಭಾರ ಭತ್ಯೆಯೂ ಸಿಗದು. ತಪ್ಪಾದ ದಿನ ಮಾತ್ರ ಹೊಣೆ ಅವರ ತಲೆಗೆ ಬರುತ್ತದೆ. ಆರು ತಿಂಗಳಿಗೊಮ್ಮೆ ಹಂಚಿಕೆ ಮತ್ತೆ ನೋಡಿ.

ಕಲಿಯದವರಿಗೆ ಕಲಿಸಬೇಕು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ, ಜಿಲ್ಲಾ ತರಬೇತಿ ಸಂಸ್ಥೆಗಳಿಂದ ತರಬೇತಿಗೆ ಹೆಸರು ಕೇಳಿ ಪತ್ರ ಬಂದಾಗ ಕೆಲಸವಿಲ್ಲದವರನ್ನು ಕಳಿಸುವ ಅಭ್ಯಾಸ ಬಿಡಿ. ಆ ವಿಷಯ ಯಾರ ಟೇಬಲ್‌ನದೋ ಅವರನ್ನೇ ಕಳಿಸಿ. ಬಂದ ಮೇಲೆ ಒಂದು ಗಂಟೆ ಉಳಿದವರಿಗೆ ಹೇಳಿಕೊಡಲಿ.

ಕಾರ್ಯನಿರ್ವಹಣಾ ವರದಿ

ಪ್ರತಿ ನೌಕರನ ವರ್ಷದ ಕೆಲಸದ ಬಗ್ಗೆ ಮುಖ್ಯಸ್ಥರು ಬರೆಯುವ ವರದಿ ಇದು. ಮಾರ್ಚ್ ಕಳೆದ ಮೇಲೆ ಹನ್ನೆರಡು ತಿಂಗಳನ್ನು ಒಟ್ಟಿಗೆ ನೆನಪಿಸಿಕೊಂಡು ಬರೆಯಲು ಆಗುವುದಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಡಿ. ಪ್ರತಿಯೊಬ್ಬರಿಗೂ ಒಂದು ಪುಟ. ಒಳ್ಳೆಯದಾಗಲಿ ಕೆಟ್ಟದಾಗಲಿ, ನಡೆದದ್ದನ್ನು ದಿನಾಂಕ ಹಾಕಿ ಎರಡು ಸಾಲು ಬರೆದಿಡಿ. ಎಲ್ಲರಿಗೂ "ಅತ್ಯುತ್ತಮ" ಎಂದು ಬರೆದುಬಿಡುವುದು ಔದಾರ್ಯದಂತೆ ಕಾಣುತ್ತದೆ. ನಿಜವಾಗಿ ದುಡಿದವರಿಗೆ ಅದು ಅನ್ಯಾಯ. ವರದಿಯಲ್ಲಿ ಏನಿದೆ ಎಂದು ನೌಕರನಿಗೆ ತಿಳಿಸಲೇಬೇಕು. ಒಳ್ಳೆಯ ಷರಾ ಆದರೂ ಸರಿ, ಪ್ರತಿಯೊಂದನ್ನೂ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2008ರ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ಮುಖಕ್ಕೆ ಹೇಳಲಾಗದ್ದನ್ನು ವರದಿಯಲ್ಲಿ ಬರೆಯಬೇಡಿ.

ಶಿಸ್ತು ಕ್ರಮ: ಇಲ್ಲಿ ನಿಧಾನವಾಗಿ ನಡೆಯಿರಿ

ಒಬ್ಬರು ಹೇಳದೆ ಕೇಳದೆ ಹತ್ತು ದಿನ ಬರಲಿಲ್ಲ ಅಂದುಕೊಳ್ಳಿ. ಕೋಪ ಬರುತ್ತದೆ, ಸಹಜ. ಆದರೆ ಮೊದಲ ಕೆಲಸ ನೋಟಿಸ್ ಅಲ್ಲ, ಫೋನ್. ಮನೆಯಲ್ಲಿ ಏನೋ ಆಗಿರಬಹುದು. ಕುಡಿತಕ್ಕೆ ಬಿದ್ದಿರಬಹುದು, ಸಾಲಗಾರರ ಕಾಟ ಇರಬಹುದು. ಮನೆಗೆ ಒಬ್ಬರು ಸಹೋದ್ಯೋಗಿಯನ್ನು ಕಳಿಸಿ. ಅರ್ಧದಷ್ಟು ಪ್ರಕರಣಗಳು ಇಲ್ಲೇ ಮುಗಿಯುವುದನ್ನು ನಾನು ನೋಡಿದ್ದೇನೆ.

ಮುಗಿಯದಿದ್ದರೆ ಕಾಗದ ಶುರು ಮಾಡಿ. ನೋಟಿಸ್‌ನಲ್ಲಿ "ನೀವು ಆಗಾಗ ಗೈರುಹಾಜರಾಗುತ್ತಿದ್ದೀರಿ" ಎಂದು ಬರೆದರೆ ಅದು ನಿಲ್ಲುವುದಿಲ್ಲ. ಯಾವ ದಿನಾಂಕದಿಂದ ಯಾವ ದಿನಾಂಕ, ಹಾಜರಿ ಪುಸ್ತಕದ ಯಾವ ಪುಟ ಎಂದು ಬರೆಯಿರಿ. ಮನೆ ವಿಳಾಸಕ್ಕೆ ಸ್ವೀಕೃತಿ ಸಿಗುವಂಥ ಅಂಚೆಯಲ್ಲಿ ಕಳಿಸಿ, ಆ ಸ್ವೀಕೃತಿಯನ್ನು ಕಡತದಲ್ಲಿಡಿ.

ಮುಂದಿನ ದಾರಿ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಲ್ಲಿದೆ. ಸಣ್ಣ ದಂಡನೆಗೆ 12ನೇ ನಿಯಮ, ದೊಡ್ಡದಕ್ಕೆ 11ನೇ ನಿಯಮ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ನೌಕರನಿಗೆ ಶಿಸ್ತು ಪ್ರಾಧಿಕಾರ ಯಾರು? ನೀವಲ್ಲದಿದ್ದರೆ ನೀವು ವರದಿ ಮತ್ತು ದಾಖಲೆ ಕಳಿಸಬಹುದು, ಶಿಕ್ಷೆ ಕೊಡಲು ಬರುವುದಿಲ್ಲ. ಎಷ್ಟೋ ಆದೇಶಗಳು ನ್ಯಾಯಮಂಡಳಿಯಲ್ಲಿ ಬಿದ್ದುಹೋಗುವುದು ತಪ್ಪಿತಸ್ಥರು ನಿರಪರಾಧಿ ಎಂದಲ್ಲ, ಸಹಿ ಹಾಕಿದವರಿಗೆ ಅಧಿಕಾರ ಇರಲಿಲ್ಲ ಎಂದು.

ದೊಡ್ಡ ದಂಡನೆಯ ದಾರಿಯಾದರೆ ದೋಷಾರೋಪಣಾ ಪಟ್ಟಿ, ಅದರ ಜೊತೆ ದಾಖಲೆ ಮತ್ತು ಸಾಕ್ಷಿಗಳ ಪಟ್ಟಿ ಕೊಡಬೇಕು. ಲಿಖಿತ ಹೇಳಿಕೆಗೆ ಸಮಯ ಕೊಡಬೇಕು. ಆಮೇಲೆ ವಿಚಾರಣಾಧಿಕಾರಿ, ಆರೋಪದ ಪರ ವಾದ ಮಂಡಿಸುವ ಮಂಡನಾಧಿಕಾರಿಗಳ ನೇಮಕ. ವಿಚಾರಣಾ ವರದಿ ಬಂದ ಮೇಲೆ ಅದರ ಪ್ರತಿಯನ್ನು ನೌಕರನಿಗೆ ಕೊಟ್ಟು, ಅವರ ಮಾತು ಕೇಳಿ, ಆಮೇಲಷ್ಟೇ ತೀರ್ಮಾನ. ಪ್ರತಿ ಕೊಡದೆ ಶಿಕ್ಷೆ ಕೊಡುವಂತಿಲ್ಲ ಎಂದು 1993ರ ಕರುಣಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಅಮಾನತು ಶಿಕ್ಷೆಯಲ್ಲ. ಕಚೇರಿಯಲ್ಲಿದ್ದರೆ ದಾಖಲೆ ತಿದ್ದುತ್ತಾರೆ, ಸಾಕ್ಷಿಗಳನ್ನು ಹೆದರಿಸುತ್ತಾರೆ ಅನ್ನುವಂಥ ಕಾರಣಕ್ಕೆ ಇರುವ ವ್ಯವಸ್ಥೆ ಅದು. ಸಿಟ್ಟು ತೀರಿಸಿಕೊಳ್ಳಲು ಅಲ್ಲ. ದೋಷಾರೋಪಣಾ ಪಟ್ಟಿಯೇ ಕೊಡದೆ ಮೂರು ತಿಂಗಳಿಗಿಂತ ಜಾಸ್ತಿ ಅಮಾನತಿನಲ್ಲಿ ಇಡಬಾರದು ಎಂದು 2015ರ ಅಜಯ್ ಕುಮಾರ್ ಚೌಧರಿ ತೀರ್ಪು ಹೇಳುತ್ತದೆ. ಜೀವನಾಧಾರ ಭತ್ಯೆಯನ್ನು ಪ್ರತಿ ತಿಂಗಳೂ ತಪ್ಪದೆ ಕೊಡಿಸಿ. ಅವರ ಮಕ್ಕಳೇನೂ ತಪ್ಪು ಮಾಡಿಲ್ಲ.

ಇನ್ನೊಂದು ಮಾತು. ಹಳೇ ಪ್ರಕರಣವನ್ನು ಕಡತದಲ್ಲಿ ಮಲಗಿಸಿಟ್ಟು ನಿವೃತ್ತಿಯ ಹಿಂದಿನ ವಾರ ಎಬ್ಬಿಸುವುದು ತುಂಬಾ ಕಡೆ ಇದೆ. ಹಾಗೆ ಮಾಡಬೇಡಿ. ತಪ್ಪಿದ್ದರೆ ಆ ವರ್ಷವೇ ಮುಗಿಸಿ. ನಿವೃತ್ತಿಯಾದ ಮೇಲೆ ಹೊಸದಾಗಿ ವಿಚಾರಣೆ ಶುರು ಮಾಡಬೇಕಾದರೆ ಸರ್ಕಾರದ ಮಂಜೂರಾತಿ ಬೇಕು, ಘಟನೆ ನಾಲ್ಕು ವರ್ಷಕ್ಕಿಂತ ಹಳೆಯದಿರಬಾರದು. ಕೆಸಿಎಸ್‌ಆರ್‌ನ (ಕರ್ನಾಟಕ ನಾಗರಿಕ ಸೇವಾ ನಿಯಮಗಳ) 214ನೇ ನಿಯಮ ಇದನ್ನೇ ಹೇಳುತ್ತದೆ.

ಲೈಂಗಿಕ ಕಿರುಕುಳದ ದೂರು ಮಾತ್ರ ಫೋನ್ ಮಾಡಿ ರಾಜಿ ಮಾಡಿಸುವ ವಿಷಯವೇ ಅಲ್ಲ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಪ್ರತಿ ಕಚೇರಿಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ಹಿರಿಯ ಮಹಿಳೆ ಅಧ್ಯಕ್ಷೆ, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು, ಹೊರಗಿನವರು ಒಬ್ಬರು. ದೂರನ್ನು ಸಮಿತಿಗೆ ಒಪ್ಪಿಸಿ, ನೀವು ನಡುವೆ ಬರಬೇಡಿ. ವಿಚಾರಣೆಗೆ 90 ದಿನ. ಸಮಿತಿಯ ಹೆಸರುಗಳನ್ನು ಎಲ್ಲರಿಗೂ ಕಾಣುವ ಕಡೆ ಹಾಕಿಸಿ. ಹಾಗೇ ಮಹಿಳಾ ಶೌಚಾಲಯದ ಬೀಗದ ಕೈ ಗಂಡಸರ ಟೇಬಲ್ ಮೇಲೆ ಇದ್ದರೆ ಅಂದೇ ಬದಲಿಸಿ.

ಹೊರಗುತ್ತಿಗೆಯವರು

ಡಾಟಾ ಎಂಟ್ರಿ ಆಪರೇಟರ್, ಡ್ರೈವರ್, ಸ್ವಚ್ಛತೆಯವರು. ಇವರಿಲ್ಲದೆ ಇವತ್ತು ಯಾವ ಕಚೇರಿಯೂ ನಡೆಯುವುದಿಲ್ಲ. ಆದರೆ ಇವರಿಗೆ ಎಸ್.ಆರ್. ಇಲ್ಲ, ಅದಕ್ಕೇ ಇವರ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು.

ಏಜೆನ್ಸಿಯ ಬಿಲ್ಲಿಗೆ ಸಹಿ ಹಾಕುವ ಮೊದಲು ಹಿಂದಿನ ತಿಂಗಳ ಸಂಬಳ ಇವರ ಬ್ಯಾಂಕ್ ಖಾತೆಗೆ ಬಿದ್ದ ದಾಖಲೆ ಕೇಳಿ. ಪಿಎಫ್, ಇಎಸ್‌ಐ ಚಲನ್ ಕೇಳಿ. ಚಲನ್ ಇದ್ದರೂ ನಂಬಿ ಸುಮ್ಮನಾಗಬೇಡಿ. ಒಬ್ಬರನ್ನು ಕರೆದು ಅವರ ಮೊಬೈಲ್‌ನಲ್ಲೇ ಪಿಎಫ್ ಪಾಸ್‌ಬುಕ್ ತೆಗೆಸಿ ನೋಡಿ. ನಾನು ಹೀಗೆ ನೋಡಿದ ಮೊದಲ ಸಲ ಸ್ವಚ್ಛತೆಯ ಹೆಣ್ಣುಮಗಳೊಬ್ಬರ ಖಾತೆಯಲ್ಲಿ ಹನ್ನೊಂದು ತಿಂಗಳಿಂದ ಒಂದು ರೂಪಾಯಿಯೂ ಜಮೆ ಆಗಿರಲಿಲ್ಲ. ಸಂಬಳದಿಂದ ಮಾತ್ರ ಪ್ರತಿ ತಿಂಗಳೂ ಮುರಿದುಕೊಂಡಿದ್ದರು. ಬಿಲ್ಲು ತಡೆದೆವು. ಎರಡು ವಾರದಲ್ಲಿ ಬಾಕಿಯೆಲ್ಲ ಬಿತ್ತು. ಗುತ್ತಿಗೆದಾರ ಕೊಡದಿದ್ದರೆ ಆ ಹೊಣೆ ಕೊನೆಗೆ ಕಚೇರಿಯ ಮೇಲೇ ಬರುತ್ತದೆ ಅನ್ನುವುದೂ ನೆನಪಿರಲಿ.

"ಇರು, ಖಾಯಂ ಮಾಡಿಸೋಣ" ಎಂದು ಯಾರಿಗೂ ಹೇಳಬೇಡಿ. 2006ರ ಏಪ್ರಿಲ್‌ನ ಉಮಾದೇವಿ ತೀರ್ಪು ನಮ್ಮ ಕರ್ನಾಟಕದ ದಿನಗೂಲಿ ನೌಕರರ ಪ್ರಕರಣದಲ್ಲೇ ಬಂದದ್ದು. ನಿಯಮದಂತೆ ಆಯ್ಕೆಯಾಗದವರು ಖಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆದರೆ ಆ ತೀರ್ಪನ್ನೇ ಗುರಾಣಿ ಮಾಡಿಕೊಂಡು ಖಾಯಂ ಸ್ವರೂಪದ ಕೆಲಸಕ್ಕೆ ವರ್ಷಾನುಗಟ್ಟಲೆ ತಾತ್ಕಾಲಿಕವಾಗಿ ದುಡಿಸಿಕೊಳ್ಳುವುದು ಸರಿಯಲ್ಲ ಎಂದು 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿದೆ. ಇವರಲ್ಲಿ ಯಾರಾದರೂ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದರೆ ಸಂಜೆ ಬೇಗ ಬಿಡಿ. ನೀವು ಮಾಡಬಹುದಾದ ಪ್ರಾಮಾಣಿಕ ಸಹಾಯ ಅದು.

ಸೇವೆಯಲ್ಲಿರುವಾಗಲೇ ತೀರಿಕೊಂಡರೆ

ಕುಟುಂಬದವರು ಕಚೇರಿಗೆ ಬರುವ ತನಕ ಕಾಯಬೇಡಿ. ಹದಿನೈದು ದಿನ ಕಳೆದ ಮೇಲೆ ಸಿಬ್ಬಂದಿ ಶಾಖೆಯವರನ್ನು ಕರೆದುಕೊಂಡು ನೀವೇ ಮನೆಗೆ ಹೋಗಿ. ಮರಣ ಪ್ರಮಾಣ ಪತ್ರ, ಕುಟುಂಬ ಸದಸ್ಯರ ಪ್ರಮಾಣ ಪತ್ರ, ಬ್ಯಾಂಕ್ ಪಾಸ್‌ಬುಕ್, ಫೋಟೋ, ಏನೇನು ಬೇಕೆಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಕುಟುಂಬ ಪಿಂಚಣಿ, ಉಪದಾನ (ಗ್ರಾಚ್ಯುಟಿ), ಕೆಜಿಐಡಿ, ಗುಂಪು ವಿಮೆ, ರಜೆ ನಗದೀಕರಣ ಎಲ್ಲದರ ನಮೂನೆಗೂ ಅಂದೇ ಸಹಿ ಹಾಕಿಸಿಕೊಳ್ಳಿ. 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರಾದರೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆಯ ಕಾಗದ ಬೇರೆ.

ಅನುಕಂಪದ ನೌಕರಿಗೆ ಮರಣದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು. ದುಃಖದಲ್ಲಿದ್ದವರಿಗೆ ಆ ಒಂದು ವರ್ಷ ಹೇಗೆ ಹೋಗುತ್ತದೆ ಎಂದೇ ತಿಳಿಯುವುದಿಲ್ಲ. ಮದುವೆಯಾದ ಮಗಳಿಗೆ ಸಿಗುವುದಿಲ್ಲ ಎಂದು ಇವತ್ತಿಗೂ ಹೇಳಿ ಕಳಿಸುವವರಿದ್ದಾರೆ. 2021ರ ತಿದ್ದುಪಡಿಯ ನಂತರ ಅದು ತಪ್ಪು ಮಾಹಿತಿ. ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಡಿ.

ನಿವೃತ್ತಿ, ಮತ್ತು ನಿಮ್ಮ ವರ್ಗಾವಣೆ

60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಹುಟ್ಟಿದ್ದು ಒಂದನೇ ತಾರೀಕಾದರೆ ಹಿಂದಿನ ತಿಂಗಳ ಕೊನೆಯ ದಿನ. ಈ ಲೆಕ್ಕ ತಪ್ಪಿ ಒಂದು ತಿಂಗಳು ಹೆಚ್ಚು ಕೆಲಸ ಮಾಡಿಸಿ, ಆಮೇಲೆ ಸಂಬಳ ವಾಪಸ್ ಕೇಳಿದ ಪ್ರಸಂಗಗಳಿವೆ. ಎರಡು ವರ್ಷ ಮೊದಲೇ ಎಸ್.ಆರ್. ತೆಗೆದು ಕೊರತೆ ಹುಡುಕಿ, ಒಂದು ವರ್ಷ ಇರುವಾಗ ಎಲ್ಲ ಸರಿಪಡಿಸಿ, ಆರು ತಿಂಗಳು ಇರುವಾಗ ಕಾಗದ ಬೆಂಗಳೂರಿನ ಎಜಿ (ಮಹಾಲೇಖಪಾಲರ) ಕಚೇರಿ ಸೇರಿರಬೇಕು. ಬೀಳ್ಕೊಡುಗೆ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇರಲಿ. ಅವುಗಳ ಜೊತೆ ಪಿಂಚಣಿ ಆದೇಶವೂ ಕೈಗೆ ಸಿಕ್ಕರೆ ಅವರ ಹೆಂಡತಿಯ ಮುಖ ನೋಡಿ, ಗೊತ್ತಾಗುತ್ತದೆ.

ನಿಮಗೂ ಒಂದು ದಿನ ವರ್ಗಾವಣೆ ಆದೇಶ ಬರುತ್ತದೆ. ಅಧಿಕಾರ ವಹಿಸಿಕೊಡುವಾಗಿನ ಚಾರ್ಜ್ ಪಟ್ಟಿಯಲ್ಲಿ ಕುರ್ಚಿ, ಬೀರು, ಕಂಪ್ಯೂಟರ್ ಎಲ್ಲ ಬರೆಯುತ್ತೇವೆ. ಜನರ ವಿಷಯ ಬರೆಯುವುದಿಲ್ಲ. ನೀವು ಒಂದು ಹಾಳೆ ಸೇರಿಸಿ: ಯಾರ ಪ್ರೊಬೇಷನ್ ಯಾವಾಗ ಮುಗಿಯುತ್ತದೆ, ಯಾರ ಕಾಲಬದ್ಧ ಬಡ್ತಿ ಕಡತ ಎಲ್ಲಿ ನಿಂತಿದೆ, ಯಾರ ಎಸ್.ಆರ್.ನಲ್ಲಿ ಯಾವ ವರ್ಷದ ಸಹಿ ಬಾಕಿ, ಯಾರ ಪಿಎಫ್ ನೋಡಬೇಕು. ಬರುವವರಿಂದ ಅದಕ್ಕೂ ಸಹಿ ಪಡೆದು, ಒಂದು ಪ್ರತಿಯನ್ನು ಸಿಬ್ಬಂದಿ ಶಾಖೆಯ ಕಡತದಲ್ಲಿ ಇಟ್ಟು ಹೊರಡಿ.